ಹತ್ತನೆಯ ತರಗತಿಯ ನಂತರದ ಇಂಗ್ಲಿಷ್

ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ನಿಜವಾದ ಪರೀಕ್ಷೆ ಎಸ್‌ಎಸ್‌ಸಿ ಅಲ್ಲ. ಅದು ಶುರುವಾಗುವುದು ಜೂನಿಯರ್ ಕಾಲೇಜಿನ ಮೊದಲ ದಿನ. ಹತ್ತು ವರ್ಷ ಗಣಿತ, ವಿಜ್ಞಾನ, ಇತಿಹಾಸವನ್ನೆಲ್ಲ ಕನ್ನಡದಲ್ಲಿ ಕಲಿತವರ ಮುಂದೆ ಬುಕ್ ಕೀಪಿಂಗ್, ಇಕನಾಮಿಕ್ಸ್ ಎಲ್ಲವೂ ಒಮ್ಮೆಲೇ ಇಂಗ್ಲಿಷಿನಲ್ಲಿ ಬಂದು ನಿಲ್ಲುತ್ತವೆ. ಬುದ್ಧಿವಂತ ಮಕ್ಕಳೇ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಕೆಲವರು ದೀಪಾವಳಿಯ ಹೊತ್ತಿಗೆ ಕಾಲೇಜು ಬಿಟ್ಟು ಯಾವುದಾದರೂ ಅಂಗಡಿಯಲ್ಲೋ ಕ್ಯಾಂಟೀನಿನಲ್ಲೋ ಕೆಲಸಕ್ಕೆ ಸೇರಿಬಿಡುತ್ತಾರೆ. ಇಂಥ ಮಕ್ಕಳಿಗೆ ಉಪನಗರದ ಒಂದು ಸಂಘದ ಕೋಣೆಯಲ್ಲಿ ಕೆಲವು ವರ್ಷಗಳಿಂದ ಭಾನುವಾರಗಳಂದು ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ.

ಇವರು ಭಾಷೆ ಬಾರದವರೇನಲ್ಲ. ಮನೆಯಲ್ಲಿ ತುಳುವೋ ಕನ್ನಡವೋ, ಲೋಕಲ್ ಟ್ರೈನಿನಲ್ಲಿ ಹಿಂದಿ, ತರಕಾರಿಯವಳ ಹತ್ತಿರ ಮರಾಠಿ. ಹಿಂದಿಯನ್ನು ಅವರು ಬೀದಿಯಲ್ಲಿ ಕೇಳಿ, ತಪ್ಪೋ ಒಪ್ಪೋ ಆಡಿ ಕಲಿತರು. ಇಂಗ್ಲಿಷ್ ಮಾತ್ರ ಬಿಟ್ಟ ಸ್ಥಳ ತುಂಬುವ ಪಾಠವಾಗಿ ಬಂತು. ಕರ್ತರಿ ವಾಕ್ಯವನ್ನು ಕರ್ಮಣಿಗೆ ಸಲೀಸಾಗಿ ತಿರುಗಿಸುವ ಹುಡುಗಿಗೆ, ಕಾಲೇಜು ಕಚೇರಿಯ ಕಿಟಕಿಯಲ್ಲಿ ನಿಂತು ಫಾರ್ಮ್ ಎಲ್ಲಿ ಸಿಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಲು ಬಾಯಿ ಬರುವುದಿಲ್ಲ.

ನಮ್ಮಲ್ಲಿ ಮೊದಲ ಕೆಲಸ ಓದು. ಕಷ್ಟದ ಓದಲ್ಲ, ಸುಲಭದ ಓದು. ಇದು ಹೊಸ ಮಾತಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ವೆಸ್ಟ್ 1920ರ ದಶಕದಲ್ಲೇ ಬಂಗಾಳಿ ಮಕ್ಕಳಿಗಾಗಿ ಕಡಿಮೆ ಪದಗಳ ಸರಳ ಪಠ್ಯಗಳನ್ನು ಮಾಡಿದರು. 1953ರಲ್ಲಿ ಅವರು ಪ್ರಕಟಿಸಿದ, ಸುಮಾರು 2000 ಪದಗಳ ಪಟ್ಟಿಯನ್ನು ಇಂದಿಗೂ ಶಿಕ್ಷಕರು ನೆನೆಯುತ್ತಾರೆ. 1980ರ ದಶಕದ ಆರಂಭದಲ್ಲಿ ಫಿಜಿ ದ್ವೀಪಗಳ ಹಳ್ಳಿ ಶಾಲೆಗಳಲ್ಲಿ 4 ಮತ್ತು 5ನೆಯ ತರಗತಿಗಳಿಗೆ ರಾಶಿ ಕಥೆ ಪುಸ್ತಕ ಕೊಟ್ಟು ನೋಡಿದರು. ಎಂದಿನ ಪಾಠವಷ್ಟೇ ಕೇಳಿದ ಮಕ್ಕಳಿಗಿಂತ ಇವರು ಓದುವುದರಲ್ಲೂ ಕೇಳಿ ತಿಳಿಯುವುದರಲ್ಲೂ ಮುಂದೆ ಹೋದರು.

ನಮ್ಮ ಕೋಣೆಯ ಪುಸ್ತಕಗಳು ರದ್ದಿ ಅಂಗಡಿಯವು, ಹೆಚ್ಚಿನವು ಹಳೆಯ ಟಿಂಕಲ್ ಸಂಚಿಕೆಗಳು. 1980ರಲ್ಲಿ ಈ ಪತ್ರಿಕೆಯನ್ನು ಶುರುಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು ಎಂದು ಹೇಳಿದರೆ ಮಕ್ಕಳ ಮುಖ ಅರಳುತ್ತದೆ. ಚಿತ್ರವಿದೆ, ಸುಪ್ಪಂದಿಯ ಪೆದ್ದುತನವಿದೆ, ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪಂಚತಂತ್ರವೂ ಹಾಗೆಯೇ, ಕಥೆ ಅಜ್ಜಿಯ ಬಾಯಲ್ಲಿ ಕೇಳಿದ್ದು, ಪದ ಮಾತ್ರ ಹೊಸದು. ಒಂದು ಪುಟದಲ್ಲಿ ಐದಾರು ತಿಳಿಯದ ಪದ ಬಂದರೆ ಆ ಪುಸ್ತಕ ಕೆಳಗಿಟ್ಟು ಬೇರೆಯದನ್ನು ಎತ್ತಿಕೊಳ್ಳಬೇಕು ಎಂಬುದಷ್ಟೇ ನಿಯಮ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಕೂಡದು ಎನ್ನುವ ಹಿರಿಯರು ಸಂಘದಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ತಪ್ಪಿನ ಬೇರು ಕನ್ನಡದಲ್ಲಿದ್ದರೆ ಅದನ್ನು ಕನ್ನಡದಲ್ಲೇ ತೋರಿಸಬೇಕು. ‘ಎಗ್’ ನಮ್ಮ ಬಾಯಲ್ಲಿ ‘ಯೆಗ್’ ಆಗುವುದು ಏಕೆ? ‘ಎಲೆ’ಯನ್ನು ‘ಯೆಲೆ’ ಎಂದೇ ಉಚ್ಚರಿಸುತ್ತೇವಲ್ಲ! ‘ನಿನ್ನೆಯೇ ಬಂದೆ’ ಎನ್ನುವಲ್ಲಿನ ‘ಏ’ ಇಂಗ್ಲಿಷಿಗೆ ಹೋಗಿ ‘ಯೆಸ್ಟರ್‌ಡೇ ಓನ್ಲಿ ಐ ಕೇಮ್’ ಆಗುತ್ತದೆ. ಬೋರ್ಡಿನ ಮೇಲೆ ಎರಡನ್ನೂ ಬರೆದು ತೋರಿಸಿದರೆ ನಗು ಏಳುತ್ತದೆ, ನಕ್ಕದ್ದು ಮರೆಯುವುದಿಲ್ಲ. ಇನ್ನು ಒತ್ತಿನ ವಿಷಯ. ಕನ್ನಡದಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ನಡೆಯುತ್ತವೆ. ಇಂಗ್ಲಿಷಿನಲ್ಲಿ ‘ಫೋಟೋಗ್ರಾಫ್’ ಎಂದಾಗ ಭಾರ ಮೊದಲಿಗೆ, ‘ಫೊಟಾಗ್ರಫಿ’ ಎಂದಾಗ ‘ಟಾ’ ಮೇಲೆ. ಮೇಜು ತಟ್ಟುತ್ತಾ ಇದನ್ನು ಹೇಳಿಸುತ್ತೇನೆ. ಯಕ್ಷಗಾನದ ಚೆಂಡೆ ಕೇಳಿ ಬೆಳೆದವರಿಗೆ ಪೆಟ್ಟು ಎಲ್ಲಿ ಬೀಳಬೇಕೆಂದು ಬೇಗ ತಿಳಿಯುತ್ತದೆ.

ಮಾತು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಡ್ಡ ಬರುವುದು ನಾಚಿಕೆ. ಮಾತಾಡುತ್ತಿರುವವರನ್ನು ನಡುವೆ ತಡೆದು ತಿದ್ದಬಾರದೆಂದು ನಮ್ಮಲ್ಲಿ ಕಟ್ಟುನಿಟ್ಟು. ಮೊಬೈಲಿನಲ್ಲಿ ಒಂದು ನಿಮಿಷದ ಇಂಗ್ಲಿಷ್ ಸುದ್ದಿ ಕೇಳಿ, ಅದರ ಜೊತೆಜೊತೆಗೇ ಹೇಳಿ, ಆಮೇಲೆ ತಮ್ಮದೇ ದನಿ ರೆಕಾರ್ಡ್ ಮಾಡಿ ಕೇಳಬೇಕು. ತಪ್ಪನ್ನು ಅವರೇ ಹಿಡಿಯುತ್ತಾರೆ. ಕ್ಯಾಂಟೀನಿನಲ್ಲಿ ಕೆಲಸ ಮಾಡಿಕೊಂಡು ಓದುವ ಹುಡುಗನೊಬ್ಬ ರಾತ್ರಿ ಪಾತ್ರೆ ತೊಳೆಯುತ್ತಾ ಕ್ರಿಕೆಟ್ ಕಾಮೆಂಟರಿಯನ್ನು ಹೀಗೆಯೇ ಒಪ್ಪಿಸುತ್ತಿದ್ದ. ಡಿಸೆಂಬರಿನಲ್ಲಿ ಆತ ಬುಕ್ ಕೀಪಿಂಗ್ ತರಗತಿಯಲ್ಲಿ ಎದ್ದು ನಿಂತು, ಬಾಡಿಗೆ ಮುಂಗಡವನ್ನು ಯಾವ ಕಡೆ ಬರೆಯಬೇಕೆಂದು ಕೇಳಿದನಂತೆ. ವಾಕ್ಯ ಸರಿಯಿತ್ತೋ ಇಲ್ಲವೋ ಅವನಿಗೆ ನೆನಪಿಲ್ಲ, ಉತ್ತರ ನೆನಪಿದೆ.

ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಕಾಲೇಜು ತೆರೆಯುವವರೆಗೆ ಎರಡು ಮೂರು ತಿಂಗಳು ಸಿಗುತ್ತವೆ. ನಮ್ಮ ಮಕ್ಕಳು ಆಗ ಊರಿಗೆ ಹೋಗುತ್ತಾರೆ. ಹೋಗಲಿ, ಮಾವು ಹಲಸು ತಿನ್ನಲಿ. ರೈಲು ಹತ್ತಿಸುವಾಗ ಚೀಲದಲ್ಲಿ ನಾಲ್ಕು ಹಳೆಯ ಟಿಂಕಲ್ ಹಾಕಿ ಕಳಿಸಿ.