ಕುದುರೆಗೆ ಚಿತ್ರಾನ್ನ ಕೊಡಬೇಡಿ

ಸೇತುವೆ ಇಳಿಯುತ್ತಿದ್ದಂತೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಟೋಲ್ ಗೇಟ್ ಇರಬೇಕೆಂದು ಭಾವ ಪರ್ಸಿಗೆ ಕೈ ಹಾಕಿದರು. ನೋಡಿದರೆ, ಮೈಮೇಲೆ ಕಂದು-ಬಿಳಿ ತೇಪೆಗಳಿದ್ದ ಕುದುರೆಯೊಂದು ರಸ್ತೆಗೆ ಅಡ್ಡ ನಿಂತು ಸಾವಕಾಶವಾಗಿ ಬಾಲ ಬೀಸುತ್ತಿತ್ತು. ಅದರ ಮಗ್ಗುಲಲ್ಲಿ ಮರಿ ಹಾಲು ಕುಡಿಯುತ್ತಿತ್ತು. ಯಾರೂ ಹಾರ್ನ್ ಮಾಡಲಿಲ್ಲ, ಯಾರೂ ಬೈಯಲಿಲ್ಲ. ಮರಿಯ ಹೊಟ್ಟೆ ತುಂಬುವವರೆಗೆ ಎಲ್ಲರೂ ಎಂಜಿನ್ ಆಫ್ ಮಾಡಿ ಕುಳಿತರು. ಅಸಟೀಗ್ ದ್ವೀಪಕ್ಕೆ ಬರುವವರಿಗೆ ಸಿಗುವ ಮೊದಲ ಪಾಠ ಇದು: ಇಲ್ಲಿ ಕುದುರೆಗಳು ಮನೆಯವು, ನಾವು ನೆಂಟರು.

ಅಮೆರಿಕದ ಪೂರ್ವ ಕರಾವಳಿಯಲ್ಲಿ, ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳಿಗೆ ಹಂಚಿಹೋಗಿರುವ 37 ಮೈಲಿ, ಅಂದರೆ ಸುಮಾರು 60 ಕಿ.ಮೀ. ಉದ್ದದ ಮರಳಿನ ಪಟ್ಟಿ ಈ ಅಸಟೀಗ್. ಒಂದು ಬದಿಗೆ ಅಟ್ಲಾಂಟಿಕ್ ಅಬ್ಬರಿಸುತ್ತದೆ, ಇನ್ನೊಂದು ಬದಿಗೆ ಹಿನ್ನೀರು ಸುಮ್ಮನೆ ಮಲಗಿದೆ. ನಡುವೆ ಮರಳ ದಿಬ್ಬ, ಪೈನ್ ಮರಗಳ ತೋಪು, ಜವುಗು ಹುಲ್ಲು. ದ್ವೀಪದಲ್ಲಿ ಹೋಟೆಲ್ ಇಲ್ಲ, ರೆಸಾರ್ಟ್ ಇಲ್ಲ. ಉಳಿಯಬೇಕೆಂದರೆ ಟೆಂಟ್ ಹಾಕಬೇಕು, ಇಲ್ಲವೇ ಮನೆಯಂಥ ವ್ಯಾನು ತರಬೇಕು. ಉತ್ತರಕ್ಕೆ ಕಣ್ಣು ಹಾಯಿಸಿದರೆ ಓಷನ್ ಸಿಟಿಯ ಬಹುಮಹಡಿ ಹೋಟೆಲುಗಳು ಮಂಜಿನಲ್ಲಿ ಹಲ್ಲು ಕಿರಿದಂತೆ ಕಾಣುತ್ತವೆ. ಅಲ್ಲಿಂದ ಇಲ್ಲಿಗೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ಆದರೂ ರಾತ್ರಿ ದೀಪ ಆರಿಸಿದರೆ ಇದು ಯಾವ ಕಾಲದ ಊರು ಎಂದು ಹೇಳುವಂತಿಲ್ಲ.

ಬಾಲ್ಟಿಮೋರ್ ಬಳಿಯಿರುವ ಅಕ್ಕ ಈ ಜಾಗವನ್ನು ಡಿಸೆಂಬರ್‌ನಲ್ಲೇ ಕಾದಿರಿಸಿದ್ದಳು. ಜೂನ್‌ಗೆ ಬೇಕಾದ ಟೆಂಟಿನ ಜಾಗಕ್ಕೆ ಆರು ತಿಂಗಳು ಮೊದಲೇ ಕಂಪ್ಯೂಟರ್ ಮುಂದೆ ಕಾದು ಕೂರಬೇಕಂತೆ. ಅಷ್ಟು ಕಷ್ಟಪಟ್ಟು ಹಿಡಿದ ಜಾಗ ನೋಡಿದರೆ ಬರೀ ಮರಳು. ಒಂದು ಬೆಂಚು-ಮೇಜು, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ. ನೆರಳಿಗೆ ಒಂದು ಮರವೂ ಇಲ್ಲ. ಟೆಂಟಿನ ಜೊತೆ ಬಂದ ಗೂಟಗಳು ಮರಳಿನಲ್ಲಿ ಬೆಣ್ಣೆಗೆ ಚುಚ್ಚಿದ ಕಡ್ಡಿಯಂತೆ ಇಳಿದವು, ಗಾಳಿ ಬೀಸಿದಾಗ ಅಷ್ಟೇ ಸಲೀಸಾಗಿ ಮೇಲೆ ಬಂದವು. ಭಾವ ಒಂದು ಮೂಲೆ ಹಿಡಿದರೆ ಇನ್ನೊಂದು ಮೂಲೆ ಹಾರುತ್ತಿತ್ತು. ಕೊನೆಗೆ ಪಕ್ಕದ ಸೈಟಿನಿಂದ “ನೀವು ಕನ್ನಡದೋರಾ?” ಎಂಬ ದನಿ ಬಂತು. ದಾವಣಗೆರೆ ಕಡೆಯ ಕುಟುಂಬ. ಅವರು ಮೊಳದುದ್ದದ ಗೂಟಗಳನ್ನು ತಂದುಕೊಟ್ಟು, ಒಂದು ಬೋಗುಣಿ ಒಗ್ಗರಣೆ ಮಂಡಕ್ಕಿಯನ್ನೂ ಕೊಟ್ಟರು. “ಬೇಗ ತಿಂದ್ಬಿಡ್ರಿ, ಕುದುರಿ ಬರ್ತಾವ” ಎಂದರು ಅವರ ಮನೆಯ ಅಜ್ಜಿ. ತಮಾಷೆ ಎಂದುಕೊಂಡೆ.

ತಮಾಷೆಯಾಗಿರಲಿಲ್ಲ. ಸಂಜೆ ಐದು ಕುದುರೆಗಳು ದಿಬ್ಬ ಇಳಿದು, ಬೀದಿ ಸುತ್ತಲು ಹೊರಟವರ ಹಾಗೆ ಟೆಂಟುಗಳ ಸಾಲಿನಲ್ಲಿ ನಡೆದು ಬಂದವು. ಎದುರಿನ ಸೈಟಿನವರು ಸಮುದ್ರಕ್ಕೆ ಹೋಗಿದ್ದರು. ಮೇಜಿನ ಮೇಲೆ ಐಸ್ ಪೆಟ್ಟಿಗೆ ಬಿಟ್ಟಿದ್ದರು. ಮುಂದಿದ್ದ ಕುದುರೆ ಪೆಟ್ಟಿಗೆಯನ್ನು ಮೂಸಿತು. ಮೇಲ್ದುಟಿಯನ್ನು ಬೆರಳಿನಂತೆ ಮಡಿಸಿ ಮುಚ್ಚಳದ ಅಂಚಿಗೆ ಸಿಕ್ಕಿಸಿತು; ಒಮ್ಮೆ ಜಾರಿತು, ಎರಡನೆಯ ಸಲ ಮುಚ್ಚಳ ಎದ್ದಿತು. ಬ್ರೆಡ್ಡಿನ ಪೊಟ್ಟಣ ಪ್ಲಾಸ್ಟಿಕ್ ಸಮೇತ ಹೊರಗೆ ಬಂತು. ನಾನು ಓಡಿಸಲು ಎದ್ದೆ. ಹತ್ತು ವರ್ಷದ ಅಕ್ಕನ ಮಗಳು ನನ್ನ ಚೂಡಿದಾರದ ತುದಿ ಹಿಡಿದೆಳೆದಳು: “ಚಿಕ್ಕಮ್ಮಾ, ನಲವತ್ತು ಅಡಿ!”

ನಲವತ್ತು ಅಡಿ ಇಲ್ಲಿನ ಕಾನೂನು. ಕುದುರೆಗೂ ಮನುಷ್ಯನಿಗೂ ನಡುವೆ ಅಷ್ಟು ಅಂತರ ಇರಲೇಬೇಕು. ಕುದುರೆ ಹತ್ತಿರ ಬಂದರೆ ಮನುಷ್ಯನೇ ಹಿಂದೆ ಸರಿಯಬೇಕು. ಆಗ ಸೈಕಲ್ಲಿನಲ್ಲಿ ಬಂದವರು ಕುದುರೆಗಳ ಗಸ್ತುದಳವಾದ ಪೋನಿ ಪಟ್ರೋಲ್‌ನ ಸ್ವಯಂಸೇವಕಿ. ಶಾಲಾ ಬಸ್ಸು ಓಡಿಸಿ ನಿವೃತ್ತರಾದ ಹೆಂಗಸು; ಬಿಸಿಲಿಗೆ ಮುಖ ಕೆಂಪೇರಿತ್ತು, ಕೊರಳಲ್ಲಿ ಸೀಟಿ. ಕುದುರೆಗಳನ್ನು ಬೀದಿ ದಾಟಿಸಿ, ಬ್ರೆಡ್ಡಿನ ಪ್ಲಾಸ್ಟಿಕ್ ಹೆಕ್ಕಿ, ನಮ್ಮ ಬೆಂಚಿನ ಮೇಲೆ ಕುಳಿತರು. ನೀರು ಕೊಟ್ಟೆವು. ಆಮೇಲೆ ಅವರು ಕತ್ತಲಾಗುವವರೆಗೆ ಏಳಲಿಲ್ಲ.

“ಕಚ್ಚುತ್ತವೆ, ಒದೆಯುತ್ತವೆ ಅಂತ ಬೋರ್ಡ್ ಹಾಕಿದ್ದೇವೆ. ಜನ ಬೋರ್ಡಿನ ಪಕ್ಕದಲ್ಲೇ ಕುದುರೆ ಜೊತೆ ಸೆಲ್ಫಿ ತೆಗೀತಾರೆ. ಬಸ್ಸಿನ ಮಕ್ಕಳೇ ವಾಸಿ, ಒಂದು ಸಲ ಗದರಿದರೆ ಕೇಳುತ್ತಿದ್ದವು” ಎಂದು ಶುರುಮಾಡಿದ ಅವರಿಗೆ ಹೇಳಲು ಬಹಳ ಇತ್ತು. ಅವರ ಪ್ರಕಾರ ಕುದುರೆಗೆ ಕೊಡುವ ಒಂದು ಕ್ಯಾರೆಟ್ಟು ಅದಕ್ಕೆ ಕೊಡುವ ವಿಷಕ್ಕೆ ಸಮ. ಹೊಟ್ಟೆ ಕೆಡುವುದು ಒಂದು ಮಾತಾದರೆ, ಕಾರು ಎಂದರೆ ತಿಂಡಿ ಎಂದು ಅದು ಕಲಿಯುವುದು ಇನ್ನೊಂದು. ಕಲಿತ ಕುದುರೆ ರಸ್ತೆಯಲ್ಲಿ ಕಾಯುತ್ತದೆ. ರಸ್ತೆಯಲ್ಲಿ ಕಾದದ್ದು ಒಂದು ದಿನ ಕಾರಿನಡಿ ಸಾಯುತ್ತದೆ.

ಚಿಪ್ ಎಂಬ ಗಂಡು ಕುದುರೆಯ ಕಥೆ ಹೇಳುವಾಗ ಅವರ ದನಿ ತಗ್ಗಿತು. ಕಡತದಲ್ಲಿ ಅದಕ್ಕೆ ಅಕ್ಷರ-ಅಂಕಿಗಳ ಉದ್ದನೆಯ ಗುರುತು, ಇನ್ನೊಂದು ಹೆಸರು ಡೆಲಿಗೇಟ್ಸ್ ಪ್ರೈಡ್. ಮನುಷ್ಯರ ಆಹಾರದ ರುಚಿ ಹತ್ತಿದ ಚಿಪ್ ಬರಬರುತ್ತಾ ಜನರ ಮೇಲೆ ನುಗ್ಗತೊಡಗಿತು. ಆಹಾರವನ್ನು ಕಸಿದುಕೊಳ್ಳಲು ಹೋದವರಿಗೆ ಪೆಟ್ಟು ಬಿತ್ತು. 2022ರಲ್ಲಿ ಅದನ್ನು ಹಿಡಿದು ಟೆಕ್ಸಾಸ್‌ನ ಪ್ರಾಣಿಧಾಮವೊಂದಕ್ಕೆ ಸಾಗಿಸಿದರು. “ತಪ್ಪು ಮಾಡಿದವರು ಫೋಟೊ ತೆಗೆದುಕೊಂಡು ಮನೆಗೆ ಹೋದರು. ಗಡೀಪಾರು ಆದದ್ದು ಅವನು” ಎಂದರು. ಚಿಪ್ ಅವರ ಬಾಯಲ್ಲಿ ಕೊನೆಯವರೆಗೂ ‘ಅವನು’ ಆಗಿಯೇ ಇದ್ದ. ಅಕ್ಕ ಸದ್ದಿಲ್ಲದೆ ಎದ್ದು ಚಿತ್ರಾನ್ನದ ಡಬ್ಬಿಯನ್ನು ಕಾರಿನೊಳಗಿಟ್ಟು ಬೀಗ ಹಾಕಿದಳು.

ಕಾಡುಕುದುರೆ ಎನ್ನುತ್ತೇವೆ, ಆದರೆ ಈ ‘ಕಾಡು’ತನದ ಹಿಂದೆ ಎಷ್ಟೊಂದು ಲೆಕ್ಕಾಚಾರ! ದ್ವೀಪದಲ್ಲಿ ಇರುವುದು ಎರಡು ಹಿಂಡು. ರಾಜ್ಯಗಳ ಗಡಿಯಲ್ಲಿ ಬೇಲಿ. ಮೇರಿಲ್ಯಾಂಡ್ ಕಡೆಯ ಹಿಂಡು ರಾಷ್ಟ್ರೀಯ ಉದ್ಯಾನ ಇಲಾಖೆಯ ಸುಪರ್ದಿಯಲ್ಲಿದೆ. ಅಲ್ಲಿ ಕುದುರೆಗಳ ಸಂಖ್ಯೆ ನೂರರ ಆಸುಪಾಸು ದಾಟಬಾರದೆಂದು 1990ರ ದಶಕದಲ್ಲಿ ಹೆಣ್ಣು ಕುದುರೆಗಳಿಗೆ ದೂರದಿಂದ ಡಾರ್ಟ್ ಹೊಡೆದು ಗರ್ಭನಿರೋಧಕ ಲಸಿಕೆ ಹಾಕುವ ಪದ್ಧತಿ ಬಂತು. ಹಂದಿಯ ಅಂಡಾಣುವಿನ ಹೊರಪೊರೆಯಿಂದ ತಯಾರಾಗುವ ಲಸಿಕೆ ಅದು. ಹೆರುವ ಕಾಟ ತಪ್ಪಿದ ಹೆಣ್ಣು ಕುದುರೆಗಳು ಹೆಚ್ಚು ವರ್ಷ ಬಾಳತೊಡಗಿದ್ದು ಯಾರೂ ಎಣಿಸಿರದ ಫಲ. ಅಕ್ಕ ಇದನ್ನು ಕೇಳಿ ಭಾವನ ಮುಖ ನೋಡಿದ್ದನ್ನು ಇಲ್ಲಿ ಬರೆಯಬಾರದು, ಆದರೂ ಬರೆದಿದ್ದೇನೆ.

ವರ್ಜೀನಿಯಾ ಕಡೆಯದು ಬೇರೆಯೇ ಸಂಪ್ರದಾಯ. ಆ ಹಿಂಡಿನ ಒಡೆತನ ಚಿಂಕಟೀಗ್ ಎಂಬ ಪಕ್ಕದ ದ್ವೀಪದ ಸ್ವಯಂಸೇವಕ ಅಗ್ನಿಶಾಮಕ ದಳದ್ದು. ಊರಿಗೆ ಬೆಂಕಿ ಬಿದ್ದು ನಷ್ಟವಾದಾಗ ಬೆಂಕಿಯಾರಿಸುವ ಸಾಮಾನು ಕೊಳ್ಳಲು ಹಣ ಬೇಕಿತ್ತು. 1925ರಿಂದ ದಳವೇ ಕುದುರೆ ಜಾತ್ರೆ ನಡೆಸತೊಡಗಿತು. ಜುಲೈನ ಕೊನೆಯ ಬುಧವಾರ, ಉಬ್ಬರವೂ ಇಳಿತವೂ ಇಲ್ಲದೆ ನೀರು ನಿಂತ ಹೊತ್ತು ನೋಡಿ, ಸವಾರರು ಇಡೀ ಹಿಂಡನ್ನು ಕಾಲುವೆಯಲ್ಲಿ ಈಜಿಸಿ ಚಿಂಕಟೀಗ್‌ಗೆ ತರುತ್ತಾರೆ. ಮರುದಿನ ಮರಿಗಳ ಹರಾಜು, ಆಮೇಲೆ ಉಳಿದವು ಈಜಿ ವಾಪಸು. ಮಾರ್ಗರೀಟ್ ಹೆನ್ರಿ 1947ರಲ್ಲಿ ಬರೆದ ‘ಮಿಸ್ಟಿ ಆಫ್ ಚಿಂಕಟೀಗ್’ ಎಂಬ ಮಕ್ಕಳ ಪುಸ್ತಕದಿಂದ ಈ ಜಾತ್ರೆ ಮನೆಮಾತಾಯಿತು. ನಮ್ಮ ಸ್ವಯಂಸೇವಕಿಗೆ ಮಾತ್ರ ಇದು ಅಷ್ಟಾಗಿ ಹಿಡಿಸದು. “ಅವರದು ಅವರಿಗೆ” ಎಂದು ಕೈ ಕೊಡವಿದರು. ಬೇಲಿಯ ಆಚೆಗೂ ಈಚೆಗೂ ಸಣ್ಣದೊಂದು ಮುನಿಸು ಇದ್ದಂತಿದೆ.

ಇವು ಇಲ್ಲಿಗೆ ಹೇಗೆ ಬಂದವು? ಮುಳುಗಿದ ಸ್ಪ್ಯಾನಿಷ್ ಹಡಗಿನಿಂದ ಈಜಿ ದಡ ಸೇರಿದವು ಎಂಬುದು ದಂತಕಥೆ. ತೆರಿಗೆ ಮತ್ತು ಬೇಲಿ ಕಟ್ಟುವ ಖರ್ಚು ತಪ್ಪಿಸಿಕೊಳ್ಳಲು 17ನೇ ಶತಮಾನದ ರೈತರು ಜಾನುವಾರುಗಳನ್ನು ದ್ವೀಪಕ್ಕೆ ಅಟ್ಟಿದರು ಎಂಬುದು ಇತಿಹಾಸಕಾರರ ಸಪ್ಪೆ ಉತ್ತರ. 2022ರಲ್ಲಿ ಸಪ್ಪೆಗೆ ಸ್ವಲ್ಪ ಉಪ್ಪು ಬಿತ್ತು: ಹೈಟಿಯಲ್ಲಿ ಸಿಕ್ಕ 16ನೇ ಶತಮಾನದ ಸ್ಪ್ಯಾನಿಷ್ ಕಾಲದ ಕುದುರೆ ಹಲ್ಲಿನ ಡಿಎನ್‌ಎ ಪರೀಕ್ಷಿಸಿದಾಗ, ಅದು ಹೆಚ್ಚು ಹತ್ತಿರವಾಗಿದ್ದುದು ಚಿಂಕಟೀಗ್ ಕುದುರೆಗಳಿಗೇ. ಹಡಗು ಮುಳುಗಿತೆಂದು ಇದರಿಂದ ಸಾಬೀತಾಗುವುದಿಲ್ಲ. ದಂತಕಥೆಯನ್ನು ನಂಬುವವರಿಗೆ ಅಷ್ಟೇ ಸಾಕಾಗಿದೆ. ಉಪ್ಪು ಎಂದೆನಲ್ಲ, ಈ ಕುದುರೆಗಳ ಮೇವೂ ಉಪ್ಪೇ. ಜವುಗಿನ ಉಪ್ಪು ಹುಲ್ಲು ತಿಂದು ತಿಂದು ಬೇರೆ ಕುದುರೆಗಳ ಎರಡರಷ್ಟು ನೀರು ಕುಡಿಯುತ್ತವೆ. ಎಲ್ಲವೂ ಗಬ್ಬವಾದಂತೆ ಕಾಣುವುದು ಅದಕ್ಕೇ.

ಕರಪತ್ರದ ಇತಿಹಾಸವನ್ನು ಬೇಗ ಮುಗಿಸುತ್ತೇನೆ. ವರ್ಜೀನಿಯಾ ಭಾಗದಲ್ಲಿ 1943ರಲ್ಲಿ ವಲಸೆ ಹಕ್ಕಿಗಳಿಗಾಗಿ ವನ್ಯಧಾಮ. 1950ರ ದಶಕದಲ್ಲಿ ಮೇರಿಲ್ಯಾಂಡ್ ಭಾಗದಲ್ಲಿ ಸಾವಿರಾರು ಸೈಟುಗಳ ಬಡಾವಣೆ; ಡಾಂಬರು ರಸ್ತೆಯೂ ಆಗಿತ್ತು. 1962ರ ಮಾರ್ಚ್‌ನ ಬಿರುಗಾಳಿಗೆ ರಸ್ತೆ, ಮನೆ ಎಲ್ಲ ಕೊಚ್ಚಿಹೋಯಿತು. ಸೈಟು ಕೊಂಡವರಿಗೆ ಸಮುದ್ರವೇ ಬುದ್ಧಿ ಹೇಳಿದ ಮೇಲೆ 1965ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಕಡಲತೀರ ಎಂದು ಘೋಷಿಸಿತು. ದಿಬ್ಬಗಳ ನಡುವಿನ ಕಾಲುದಾರಿಯಲ್ಲಿ ಆ ಡಾಂಬರಿನ ತುಂಡುಗಳು ಈಗಲೂ ಕಾಲಿಗೆ ಎಡವುತ್ತವೆ.

ಕುದುರೆಯ ಗುಂಗಿನಲ್ಲಿ ಉಳಿದ ಜೀವಿಗಳಿಗೆ ಅನ್ಯಾಯ ಮಾಡುತ್ತಿದ್ದೇನೆ. ರಾತ್ರಿ ಟಾರ್ಚು ಹಿಡಿದು ತೀರಕ್ಕೆ ಹೋದರೆ ಮರಳಿನ ಬಣ್ಣದ ಏಡಿಗಳು ಕಣ್ಣನ್ನು ಕಡ್ಡಿಯಂತೆ ಎತ್ತಿ ನಿಂತಿರುತ್ತವೆ. ಬೆಳಕು ಬಿದ್ದೊಡನೆ ಅಡ್ಡಡ್ಡ ಓಡಿ ಮಾಯ. ಕೆಂಪು ನರಿಯೊಂದು ಟೆಂಟಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ ಭಾವನ ಚಪ್ಪಲಿ ಮೂಸಿ, ಬೇಡವೆಂದು ಹೋಯಿತು. ತೋಪಿನ ಅಂಚಿನಲ್ಲಿ ಸಿಕಾ ಜಿಂಕೆಗಳಿದ್ದವು. ಅವು ಪೂರ್ವ ಏಷ್ಯಾ ಮೂಲದವು, 1920ರ ದಶಕದಲ್ಲಿ ಯಾರೋ ತಂದು ಬಿಟ್ಟ ವಲಸಿಗರು, ಈಗ ಇಲ್ಲಿಯವೇ ಆಗಿವೆ. ಬೆಳಗ್ಗೆ ಅಲೆ ಒಡೆಯುವ ಗೆರೆಯ ಆಚೆ ಡಾಲ್ಫಿನ್‌ಗಳು ಬೆನ್ನು ತೋರಿಸಿ ದಕ್ಷಿಣಕ್ಕೆ ಹೋದವು. ಹಿನ್ನೀರ ಬದಿಯಲ್ಲಿ ಹಾರ್ಸ್‌ಶೂ ಏಡಿಯೊಂದು ಅಂಗಾತ ಬಿದ್ದು ಕಾಲು ಬಡಿಯುತ್ತಿತ್ತು. ಬಾಲ ಹಿಡಿಯಬಾರದು, ಚಿಪ್ಪಿನ ಅಂಚು ಹಿಡಿದು ಮಗುಚಬೇಕು ಎಂದು ಅಕ್ಕನ ಮಗಳು ಹೇಳಿಕೊಟ್ಟಳು. ಮರಳಿನ ಮೇಲೇ ಮೊಟ್ಟೆಯಿಡುವ ಪೈಪಿಂಗ್ ಪ್ಲೋವರ್ ಎಂಬ ಪುಟ್ಟ ಹಕ್ಕಿಗಾಗಿ ಉತ್ತರ ತುದಿಯ ಒಂದಷ್ಟು ಭಾಗಕ್ಕೆ ಗೂಡಿನ ಕಾಲದಲ್ಲಿ ಪ್ರವೇಶವೇ ಇಲ್ಲ. ಇನ್ನು ಸೊಳ್ಳೆಗಳ ಬಗ್ಗೆ: ಗಾಳಿ ನಿಂತ ಕ್ಷಣಕ್ಕೆ ಜವುಗಿನಿಂದ ಮೋಡವಾಗಿ ಏಳುತ್ತವೆ. ನಾವು ಹಚ್ಚಿಕೊಂಡ ಮುಲಾಮನ್ನು ಅವು ಉಪ್ಪಿನಕಾಯಿ ಎಂದುಕೊಂಡಂತಿತ್ತು. ಸೆಖೆಯ ದಿನಗಳಲ್ಲಿ ಕುದುರೆಗಳೇ ನೊಣದ ಕಾಟಕ್ಕೆ ಜವುಗು ಬಿಟ್ಟು ಗಾಳಿಗೆ ಮೈಯೊಡ್ಡಿ ಸಮುದ್ರದಂಚಿಗೆ ಬರುತ್ತವೆ ಎಂದ ಮೇಲೆ ನಮ್ಮ ಪಾಡೇನು.

ಸ್ವಯಂಸೇವಕಿಯ ನಿಜವಾದ ಸಿಟ್ಟು ಇದ್ದದ್ದು ಮರಳಿನ ಮೇಲೆ. 1933ರ ಆಗಸ್ಟ್‌ನ ಚಂಡಮಾರುತ ಓಷನ್ ಸಿಟಿಯ ದಕ್ಷಿಣಕ್ಕೆ ಹೊಸ ಅಳಿವೆಯೊಂದನ್ನು ಕಡಿದು ಅಸಟೀಗ್ ಅನ್ನು ಪ್ರತ್ಯೇಕಿಸಿತು. ಮೀನುಗಾರಿಕೆಗೆ ಅನುಕೂಲವೆಂದು ಅಳಿವೆ ಮುಚ್ಚದಂತೆ ಎರಡೂ ಕಡೆ ಕಲ್ಲಿನ ತಡೆಗೋಡೆ ಚಾಚಿದರು. ಈ ಕರಾವಳಿಯಲ್ಲಿ ಮರಳು ಉತ್ತರದಿಂದ ದಕ್ಷಿಣಕ್ಕೆ ಸರಿಯುತ್ತದೆ. ಗೋಡೆ ಅದನ್ನು ಹಿಡಿದುಕೊಂಡಿತು. ಓಷನ್ ಸಿಟಿಯ ದಡ ಕೊಬ್ಬಿತು, ಅಸಟೀಗ್‌ನ ಉತ್ತರ ತುದಿ ಬಡಕಲಾಗಿ ನೂರಾರು ಮೀಟರ್ ಪಶ್ಚಿಮಕ್ಕೆ ಸರಿಯಿತು. ಕಡಲ್ಕೊರೆತ ಕಂಡಿರುವ ಮಂಗಳೂರು ಬಳಿಯ ಉಳ್ಳಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2004ರಿಂದ ಹೂಳೆತ್ತುವ ಹಡಗಿನಲ್ಲಿ ಅಳಿವೆಯ ಸುತ್ತಲಿನ ಮರಳನ್ನು ತುಂಬಿ ದ್ವೀಪದ ಮುಂದೆ ಸುರಿಯುತ್ತಿದ್ದಾರೆ. ವ್ಯತ್ಯಾಸವೆಂದರೆ, ಇಲ್ಲಿ ಮರಳು ತಂದು ಸುರಿಯುತ್ತಾರೆ, ನಮ್ಮಲ್ಲಿ ಬಂಡೆಗಲ್ಲು ತಂದು ಸುರಿಯುತ್ತೇವೆ. “ಹೋಟೆಲಿನವರು ತಿಂದದ್ದನ್ನು ತೆರಿಗೆ ಹಣದಲ್ಲಿ ವಾಪಸು ಕೊಡಿಸುತ್ತಿದ್ದಾರೆ” ಎಂಬುದು ಆಕೆಯ ವ್ಯಾಖ್ಯಾನ. ಹೋಟೆಲಿನವರನ್ನು ಕೇಳಿದರೆ ಬೇರೆ ವ್ಯಾಖ್ಯಾನ ಸಿಗುತ್ತಿತ್ತೋ ಏನೋ, ನಾನು ಕೇಳಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ವಾಷಿಂಗ್ಟನ್ ಅಥವಾ ಬಾಲ್ಟಿಮೋರ್‌ನಿಂದ ಚೆಸಪೀಕ್ ಕೊಲ್ಲಿಯ ಸೇತುವೆ ದಾಟಿ ಸುಮಾರು ಮೂರು ಗಂಟೆಯ ದಾರಿ. ಬೇಸಿಗೆಯ ಶುಕ್ರವಾರ ಸಂಜೆ ಹೊರಟರೆ ಐದು ಗಂಟೆ ಎಂದಿಟ್ಟುಕೊಳ್ಳಿ. ಮಕ್ಕಳ ಶಾಲೆಯ ಚಿಂತೆ ಇಲ್ಲದವರಿಗೆ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು: ಸೊಳ್ಳೆ ಕಡಿಮೆ, ದಕ್ಷಿಣಕ್ಕೆ ಹೊರಟ ಮೊನಾರ್ಕ್ ಚಿಟ್ಟೆಗಳೂ ಪೆರಿಗ್ರಿನ್ ಗಿಡುಗಗಳೂ ಇದೇ ದಾರಿಯಲ್ಲಿ ಹಾಯುತ್ತವೆ. ರಾಷ್ಟ್ರೀಯ ಕಡಲತೀರದ ಶಿಬಿರದಲ್ಲಿ ಸ್ನಾನಕ್ಕೆ ತಣ್ಣೀರು ಮಾತ್ರ. ಪಕ್ಕದಲ್ಲೇ ಇರುವ ರಾಜ್ಯದ ಉದ್ಯಾನದಲ್ಲಿ ಬಿಸಿನೀರು ಉಂಟು. ಇದನ್ನು ನಮಗೆ ಮೊದಲೇ ಯಾರಾದರೂ ಹೇಳಬಹುದಿತ್ತು. ಉದ್ದ ಗೂಟ, ಸೊಳ್ಳೆ ಬಲೆಯ ಟೋಪಿ, ಬೀಗ ಹಾಕುವ ಕಾರು ಈ ಮೂರು ಇದ್ದರೆ ಸಾಕು. ಅನ್ನದ ಡಬ್ಬಿಯಷ್ಟೇ ಅಲ್ಲ, ಟೂತ್‌ಪೇಸ್ಟನ್ನೂ ಕಾರಿನೊಳಗೇ ಇಡಿ. ದಾವಣಗೆರೆಯ ಅಜ್ಜಿ ಟೆಂಟಿನ ಮೂಲೆಯಲ್ಲಿ ಬಚ್ಚಿಟ್ಟಿದ್ದ ಬೆಲ್ಲದ ಉಂಡೆಯನ್ನು ಹುಡುಕಿಕೊಂಡು ಮಾರನೇ ಬೆಳಗ್ಗೆ ಕುದುರೆಯೊಂದು ಟೆಂಟಿನ ಜಿಪ್ಪಿಗೇ ಬಾಯಿ ಹಾಕಿತ್ತು.