ಸಭಾಪಾಲಕರಿಗೂ ಒಂದು ಬಿಡುವು

ಭಾನುವಾರ ಊರಿಗೆಲ್ಲ ವಿಶ್ರಾಂತಿಯ ದಿನ. ಚರ್ಚಿನ ಸಭಾಪಾಲಕರಿಗೆ ಮಾತ್ರ ಅದು ವಾರದಲ್ಲೇ ಹೆಚ್ಚು ದುಡಿಮೆಯ ದಿನ. ಉಳಿದ ಆರು ದಿನ ಅವರೇನು ಮಾಡುತ್ತಾರೆಂಬುದು ಪಟ್ಟಣದ ನಮ್ಮಂಥವರಿಗೆ ಅಷ್ಟಾಗಿ ತಿಳಿಯದು.

ಬೀದರ ಸೀಮೆಯಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ ಬೇರೂರಿದುದು ನಿಜಾಮರ ಆಳಿಕೆಯ ಕಾಲದಲ್ಲಿ. ೧೯೮೧ರಲ್ಲಿ ಅದು ಸ್ವಾಯತ್ತವಾದ ಭಾರತೀಯ ಸಭೆಯಾಯಿತು. ನಗರದಲ್ಲಿ ಸಭೆ ದೊಡ್ಡದು. ಸುಮಾರು ನಲವತ್ತು ಕಿಲೋಮೀಟರು ದೂರದ ಭಾಲ್ಕಿ, ಔರಾದಗಳ ಕಡೆ ಹಳ್ಳಿಯ ಸಭೆಗಳು ಚಿಕ್ಕವು, ಚದರಿದವು. ಒಬ್ಬರೇ ಪಾಲಕರು ಹಲವು ಹಳ್ಳಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಬೆಳಿಗ್ಗೆ ಒಂದು ಹಳ್ಳಿಯಲ್ಲಿ ಮಣ್ಣು ಮಾಡಿಸಿ ಬಂದವರು ಸಂಜೆ ಇನ್ನೊಂದರಲ್ಲಿ ಮದುವೆಯ ಮಾತುಕತೆಗೆ ಕೂಡಬೇಕು. ನಡುವೆ ರೋಗಿಯ ಹಾಸಿಗೆಯ ಬಳಿ ಪ್ರಾರ್ಥನೆ, ಅಣ್ಣತಮ್ಮಂದಿರ ಹೊಲದ ಜಗಳ, ಯಾರದೋ ಮಗುವಿನ ಶಾಲೆಯ ಅರ್ಜಿ. ಹೋದ ಮನೆಯಲ್ಲೆಲ್ಲ ಚಹಾ. ಬೇಡವೆಂದರೆ ಮನೆಯವರಿಗೆ ನೋವು. ಹತ್ತು ಮನೆಯ ಸಕ್ಕರೆ ಸೇರುವುದು ಒಬ್ಬರದೇ ಹೊಟ್ಟೆಗೆ! ಊಟದ ಹೊತ್ತಿಗೆ ಊಟ ಮಾತ್ರ ಇಲ್ಲ.

ಮೈಯ ದಣಿವು ಒಂದು ರಾತ್ರಿಯ ನಿದ್ದೆಗೆ ಹೋದೀತು. ಕಠಿಣವಾದುದು ಬೇರೆಯದೇ. ಮೆಥೋಡಿಸ್ಟರಲ್ಲಿ ಪಾಲಕರು ಯಾವ ಊರಿಗೆ ಹೋಗಬೇಕೆಂಬುದನ್ನು ನಿಶ್ಚಯಿಸುವವರು ಬಿಷಪ್ಪರು. ಕೆಲವು ವರ್ಷಗಳಿಗೊಮ್ಮೆ ಗಂಟುಮೂಟೆ ಕಟ್ಟಬೇಕು. ವಾಸದ ಮನೆ ಸಭೆಯದು. ಮಕ್ಕಳ ಶಾಲೆ, ಹೆಂಡತಿಯ ನೆರೆಹೊರೆ ಎಲ್ಲವೂ ಮತ್ತೆ ಮೊದಲಿನಿಂದ. ಊರಿನವರೆಲ್ಲರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವರಿಗೆ ತಮ್ಮ ಸಂಕಟ ತೋಡಿಕೊಳ್ಳಲು ಆ ಊರಿನಲ್ಲಿ ಒಬ್ಬರೂ ಸಿಕ್ಕುವುದಿಲ್ಲ. ಹಿರಿಯರಲ್ಲಿ ಹೇಳಿದರೆ, ಪಾಲಕರ ವಿಶ್ವಾಸವೇ ಕುಂದಿತೆಂದು ಅಂದಾರೆಂಬ ಅಂಜಿಕೆ.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಇಂಥ ಬಳಲಿಕೆಯನ್ನು ರೋಗವೆಂದಲ್ಲದೆ, ದುಡಿಮೆಯಿಂದ ಒದಗುವ ಒಂದು ಸ್ಥಿತಿಯೆಂದು ವಿವರಿಸಿತು. ಲಕ್ಷಣಗಳು ಮೂರು: ಶಕ್ತಿ ಬತ್ತಿಹೋಗುವುದು, ಮಾಡುವ ಕೆಲಸದಲ್ಲೇ ಜಿಗುಪ್ಸೆ, ತನ್ನಿಂದ ಏನೂ ಆಗದೆಂಬ ಭಾವನೆ. ಎರಡನೆಯದನ್ನು ತಮ್ಮಲ್ಲಿ ಕಂಡ ಪಾಲಕರು ಅದನ್ನು ಪಾಪವೆಂದು ತಿಳಿದು ಇನ್ನಷ್ಟು ದುಡಿಯಲು ಹೊರಡುವುದುಂಟು. ಇದು ಹುಣ್ಣನ್ನು ಕೆರೆದಂತೆ.

ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯೇ ಇಲ್ಲಿ ನೆನಪಿಗೆ ಬರುತ್ತಾನೆ. ಕುದುರೆಯ ಮೇಲೆ ಇಂಗ್ಲೆಂಡನ್ನೆಲ್ಲ ಸುತ್ತಿದ ಆತ ೧೭೫೩ರ ಕೊನೆಗೆ, ಐವತ್ತನೆಯ ವಯಸ್ಸಿನಲ್ಲಿ, ಎಷ್ಟು ಹಾಸಿಗೆ ಹಿಡಿದನೆಂದರೆ ತನ್ನ ಗೋರಿಯ ಮೇಲಿನ ಬರಹವನ್ನೂ ಬರೆದಿಟ್ಟನು. ವೈದ್ಯರ ಮಾತಿಗೆ ಒಪ್ಪಿ ತಿರುಗಾಟ, ಉಪದೇಶ ಎರಡನ್ನೂ ನಿಲ್ಲಿಸಿ ಬ್ರಿಸ್ಟಲಿನ ಬಳಿ ತಂಗಿದನು. ಹೊಸ ಒಡಂಬಡಿಕೆಗೆ ಆತನ ಟಿಪ್ಪಣಿಗಳು ಮೊದಲಾದುದು ಆ ಬಿಡುವಿನಲ್ಲಿಯೇ. ಆತ ತೀರಿಕೊಂಡುದು ೧೭೯೧ರಲ್ಲಿ! ಪ್ರಾರ್ಥನೆ ಸಾಲದ್ದರಿಂದಲೇ ಪಾಲಕರಿಗೆ ದಣಿವೆನ್ನುವವರು ಎಲೀಯನ ಕಥೆಯನ್ನೂ ನೋಡಬಹುದು. ಸಾವನ್ನು ಬೇಡಿ ಮಲಗಿದ ಆ ಪ್ರವಾದಿಗೆ ದೇವದೂತನು ಮೊದಲು ಕೊಟ್ಟುದು ರೊಟ್ಟಿ ಮತ್ತು ನೀರು.

ಹಾಗಾದರೆ ಮಾಡಬೇಕಾದುದೇನು? ವಾರದಲ್ಲಿ ಒಂದು ದಿನ, ಸೋಮವಾರವೆನ್ನೋಣ, ಪಾಲಕರಿಗೆ ರಜೆಯೆಂದು ಸಭೆಯಲ್ಲಿ ಹಿರಿಯರೇ ಸಾರಬೇಕು. ಪಾಲಕರು ತಾವಾಗಿ ಕೇಳಲಾರರು. ವೆಸ್ಲಿಯ ಕಾಲದಿಂದಲೂ ಉಪದೇಶ ಮಾಡಬಲ್ಲ ಸಾಮಾನ್ಯ ಸಭಿಕರ ಸಹಾಯ ಈ ಪಂಥದಲ್ಲಿದೆ. ಹಳ್ಳಿಯ ಆರಾಧನೆಗಳಲ್ಲಿ ಕೆಲವನ್ನು ಅವರಿಗೆ ಒಪ್ಪಿಸಬಹುದು. ಔರಾದದ ಪಾಲಕರಿಗೆ ಮನಸ್ಸು ಬಿಚ್ಚಿ ಮಾತಾಡಲು ಭಾಲ್ಕಿಯ ಪಾಲಕರೇ ತಕ್ಕವರು, ಏಕೆಂದರೆ ಅವರಿಗೆ ಈ ಬದುಕು ಗೊತ್ತು, ಈ ಸಭೆಯ ಹಂಗಿಲ್ಲ. ರಕ್ತದೊತ್ತಡ, ಸಕ್ಕರೆಯ ತಪಾಸಣೆಯನ್ನು ಮುಂದೂಡಕೂಡದು. ನಿದ್ದೆ ಕೆಟ್ಟು ವಾರಗಳಾಗಿದ್ದರೆ, ಬಾಳೇ ಬೇಡವೆನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಹಗಲಿರುಳೂ ಶುಲ್ಕವಿಲ್ಲದೆ ಮಾತಾಡಬಹುದು, ಕನ್ನಡದಲ್ಲಿಯೇ.

ಪಾಲಕರ ಹೆಂಡತಿಯನ್ನೂ ಮರೆಯಬಾರದು. ಸಂಬಳವಿಲ್ಲದೆ ಅರ್ಧ ಸೇವೆ ಆಕೆಯದು. ಬಾಗಿಲು ತಟ್ಟಿದವರಿಗೆ ಮೊದಲು ಎದ್ದು ಬರುವವರೂ ಆಕೆಯೇ. ರಜೆಯ ದಿನ ಬಂದವರನ್ನು ನೆರೆಯ ಹಿರಿಯರೇ ಕರೆದು ಕೂಡಿಸಿ, ಸಾವಿನ ಸುದ್ದಿಯಲ್ಲದಿದ್ದರೆ ನಾಳೆ ಬನ್ನಿರೆಂದು ಹೇಳಿ ಕಳಿಸಬಹುದು.