ಕಲ್ಯಾಣದಿಂದ ವಾಶಿಗೆ ದಾರಿ ಯಾವುದು?

ಭೂಪಟವನ್ನು ಮುಂದಿಟ್ಟುಕೊಂಡು ನೋಡುವವರಿಗೆ ಡೊಂಬಿವಲಿಗೂ ಐರೋಲಿಗೂ ನಡುವಣ ಅಂತರ ನಾಲ್ಕು ಬೆರಳಿನಷ್ಟೂ ತೋರದು. ಪಾರಸಿಕ ಗುಡ್ಡದ ಈಚೆಗೊಂದು ಊರು, ಆಚೆಗೊಂದು ಊರು. ಆದರೆ ಡೊಂಬಿವಲಿಯಲ್ಲಿ ಮನೆಮಾಡಿ ಐರೋಲಿಯಲ್ಲಿ ನೌಕರಿಗೆ ಹೋಗುವ ಗೃಹಸ್ಥರನ್ನೊಮ್ಮೆ ಕೇಳಿ ನೋಡಿರಿ. ಅವರು ಮೊದಲು ಠಾಣೆಗೆ ಹೋಗಬೇಕು. ಅಲ್ಲಿ ಗಾಡಿಯಿಂದ ಇಳಿಯಬೇಕು (ಇಳಿಯುವುದೇನು ಬಂತು, ಹಿಂದಿನವರೇ ಇಳಿಸುತ್ತಾರೆ). ಸೇತುವೆಯ ಮೆಟ್ಟಲು ಹತ್ತಿ, 9 ಮತ್ತು 10ನೆಯ ಪ್ಲಾಟ್‌ಫಾರಮುಗಳ ಕಡೆ ಇಳಿದು, ವಾಶಿಗೋ ಪನ್ವೇಲಿಗೋ ಹೊರಡುವ ಇನ್ನೊಂದು ಗಾಡಿಯನ್ನು ಹಿಡಿದು, ಗುಡ್ಡದ ಮತ್ತೊಂದು ಮಗ್ಗುಲಿಗೆ ಬಂದು ಸೇರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು, ತಮ್ಮ ಮೊಮ್ಮಕ್ಕಳು ಕೊಂಕಣದಲ್ಲೇ ಸಂಸಾರ ಹೂಡಿ ದಿನಕ್ಕೆರಡು ಸಲ ಈ ಪ್ರದಕ್ಷಿಣೆ ಹಾಕುವರೆಂದು ಕನಸಿನಲ್ಲಿಯೂ ಎಣಿಸಿರಲಾರರು!

ಈ ಸೀಮೆಯಲ್ಲಿ ಊರು ಮೊದಲೋ ಹಳಿ ಮೊದಲೋ ಎಂದರೆ, ಹಳಿಯೇ ಮೊದಲು ಎನ್ನಬೇಕಾಗುತ್ತದೆ. 1853ನೆಯ ಇಸವಿ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ಓಡಿದ ಮೊದಲ ಉಗಿಬಂಡಿಯಲ್ಲಿ 14 ಡಬ್ಬಿಗಳೂ 400 ಮಂದಿ ಪ್ರಯಾಣಿಕರೂ ಇದ್ದರು. ಎಳೆಯಲು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನುಗಳು. ಮರುವರ್ಷವೇ ಹಳಿ ಖಾಡಿಯನ್ನು ದಾಟಿ ಕಲ್ಯಾಣವನ್ನು ಮುಟ್ಟಿತು. (ಇದು ನಮ್ಮ ಶರಣರ ಕಲ್ಯಾಣವಲ್ಲ. ಆದರೂ ಹಳೆಯ ಊರೇ. ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಹೆಸರು ಬಂದಿರುವ ಬಂದರು.) ಕಲ್ಯಾಣದಲ್ಲಿ ದಾರಿ ಕವಲೊಡೆದು ಒಂದು ಕಸಾರಾ ಘಾಟಿನ ಕಡೆ ನಾಸಿಕಕ್ಕೂ, ಇನ್ನೊಂದು ಖಂಡಾಳಾ ಘಾಟಿನ ಕಡೆ ಪುಣೆಗೂ ಹೋಯಿತು. 1916ರಲ್ಲಿ ಪಾರಸಿಕ ಗುಡ್ಡಕ್ಕೆ ಸುಮಾರು 1.3 ಕಿಲೋಮೀಟರಿನ ಸುರಂಗ ಕೊರೆದು ಹಾದಿಯನ್ನು ನೇರಮಾಡಿದರು. ಹೀಗೆ ಎಲ್ಲ ಗಾಡಿಗಳೂ ಮುಂಬಯಿಯ ಕೋಟೆಯ ಕಡೆಗೆ ಮುಖಮಾಡಿ ನಿಂತವು. ಕೆಲಸವಿದ್ದುದೂ ಅಲ್ಲಿಯೇ.

ನಮ್ಮವರು ಮನೆ ಹುಡುಕಿದ್ದರಲ್ಲಿಯೂ ಈ ಹಳಿಗಳ ಕೈವಾಡ ಉಂಟು. ಕಲಬುರಗಿ, ರಾಯಚೂರಿನ ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸು ನಿಲ್ಲುವ ಕಲ್ಯಾಣ ಊರಿನ ಬಾಗಿಲಿದ್ದಂತೆ. ಕರಾವಳಿಯವರಾದರೋ ಬಹುಕಾಲ ಘಟ್ಟದ ಮೇಲಿನ ಬಸ್ಸನ್ನೇ ನಂಬಿದ್ದರು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದು, ಅದೇ ವರ್ಷ ಮತ್ಸ್ಯಗಂಧಾ ಓಡತೊಡಗಿದ ಮೇಲೆ ಠಾಣೆಯೂ ಪನ್ವೇಲೂ ಅವರಿಗೆ ಹತ್ತಿರವಾದವು. ಆ ಮಾರ್ಗಕ್ಕೆ ರೈಲ್ವೆ ಮಂತ್ರಿಯಾಗಿ ದುಡಿದ ಜಾರ್ಜ್ ಫರ್ನಾಂಡಿಸರು ಮಂಗಳೂರಿನ ಮಗನೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ.

ಇನ್ನು ನವಿ ಮುಂಬಯಿಯ ಕಥೆ. 1960ರ ದಶಕದ ಮಧ್ಯದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು, ಮುಂಬಯಿ ಉತ್ತರಕ್ಕೆ ದಾರದಂತೆ ಎಳೆದುಕೊಂಡು ಹೋಗುವುದನ್ನು ಬಿಟ್ಟು ಖಾಡಿಯಾಚೆ ಪೂರ್ವಕ್ಕೆ ಬೆಳೆಯಲಿ ಎಂದು ಬರೆದರು. ಅಲ್ಲಿ ಮನೆಗಳಷ್ಟೇ ಅಲ್ಲ, ಕಚೇರಿಗಳೂ ಕಾರಖಾನೆಗಳೂ ಇರಬೇಕು, ಜನ ಮುಂಬಯಿಗೆ ಓಡುವುದು ತಪ್ಪಬೇಕು ಎಂಬುದು ಅವರ ಆಶಯ. 1970ರ ಮಾರ್ಚಿಯಲ್ಲಿ ಸಿಡ್ಕೋ ಹುಟ್ಟಿತು. ಆದರೆ ಸರಕಾರ ತನ್ನ ಕಚೇರಿಗಳನ್ನು ಖಾಡಿಯಾಚೆಗೆ ಒಯ್ಯಲಿಲ್ಲ. ನರಿಮನ್ ಪಾಯಿಂಟಿನಲ್ಲಿ ಸಮುದ್ರವನ್ನೇ ತುಂಬಿ ಗಗನಚುಂಬಿಗಳು ಎದ್ದವು. 1973ರಲ್ಲಿ ವಾಶಿಯ ಸೇತುವೆಯೇನೋ ಬಂತು, ಅದು ಬಸ್ಸು ಮೋಟಾರುಗಳಿಗೆ. ರೈಲು ವಾಶಿಯನ್ನು ಮುಟ್ಟಿದ್ದು 1992ರಲ್ಲಿ! ಊರು ಕಟ್ಟಲು ಹೊರಟ ಇಪ್ಪತ್ತೆರಡು ವರ್ಷಗಳ ಮೇಲೆ. ಅಷ್ಟು ಕಾಲ ಅಲ್ಲಿ ಮನೆಮಾಡಿದವರ ಧೈರ್ಯವನ್ನು ಮೆಚ್ಚಬೇಕು.

ತಡವಾಗಿ ಬಂದರೂ ಆ ರೈಲು ಬಂದ ರೀತಿಯಲ್ಲಿ ಒಂದು ಜಾಣತನವಿತ್ತು. ಅದನ್ನು ನಮ್ಮ ಜನ ಅಷ್ಟಾಗಿ ಗಮನಿಸಿಲ್ಲ. ಖರ್ಚಿನ ಮೂರರಲ್ಲಿ ಎರಡು ಪಾಲನ್ನು ಹೊತ್ತುದು ಸಿಡ್ಕೋ, ಒಂದು ಪಾಲು ಮಾತ್ರ ರೈಲ್ವೆಯದು. ರೈಲು ಬಂದೊಡನೆ ನಿಲ್ದಾಣದ ಸುತ್ತಣ ನೆಲದ ಬೆಲೆ ಏರುತ್ತದೆ. ಆ ಏರಿಕೆ ದಲ್ಲಾಳಿಯ ಜೇಬಿಗೆ ಹೋಗುವ ಬದಲು ಹಳಿಗೇ ಹೋಗಲಿ ಎಂಬ ಲೆಕ್ಕ. ವಾಶಿ, ಬೇಲಾಪುರ ನಿಲ್ದಾಣಗಳ ಮೇಲೆಯೇ ಕಚೇರಿಗಳನ್ನು ಕಟ್ಟಿದ್ದೂ ಇದರಿಂದಲೇ. ಡೊಂಬಿವಲಿಯ ನಿಲ್ದಾಣದಿಂದ ಹೊರಬಿದ್ದವರಿಗೆ ರಿಕ್ಷಾ, ಕೈಗಾಡಿ, ತರಕಾರಿ ಬುಟ್ಟಿಗಳ ನಡುವೆ ಕಾಲಿಡಲು ಜಾಗವಿಲ್ಲ. ವಾಶಿಯಲ್ಲಿ ಇಳಿದವರು ಉಸಿರಾಡಬಲ್ಲರು. ಎರಡನ್ನೂ ಕಂಡವರಿಗೆ ಯೋಜನೆ ಎಂಬ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

2004ರ ನವೆಂಬರಿನಲ್ಲಿ ಠಾಣೆಯಿಂದ ವಾಶಿಗೆ ಹೊಸ ಮಾರ್ಗ ತೆರೆಯಿತು. ಆ ಹೊತ್ತಿಗೆ ತುರ್ಭೆ, ಮಹಾಪೆ, ರಬಾಳೆಗಳಲ್ಲಿ ಹಳೆಯ ಕಾರಖಾನೆಗಳು ಎಷ್ಟೋ ಮುಚ್ಚಿ, ಅವುಗಳ ಜಾಗದಲ್ಲಿ ಕಂಪ್ಯೂಟರು ಕೆಲಸದ ದೊಡ್ಡ ದೊಡ್ಡ ಕಟ್ಟಡಗಳು ಬರತೊಡಗಿದ್ದವು. ಮಸೀದಿ ಬಂದರಿನ ಸಗಟು ವ್ಯಾಪಾರವೂ ವಾಶಿಗೆ ಬಂದಿತ್ತು. ಎಂದರೆ, ಕೊರಿಯಾ ಮೊದಲಾದವರು ಬಯಸಿದ ಉದ್ಯೋಗ ಕೊನೆಗೂ ಖಾಡಿಯಾಚೆಗೆ ಬಂತು. ಆದರೆ ಕೆಲಸಗಾರರ ಮನೆಗಳು ಎಲ್ಲಿ? ವಾಶಿಯ ಬಾಡಿಗೆ ತೆರಲಾರದವರು ಡೊಂಬಿವಲಿ, ದಿವಾ, ಕಲ್ಯಾಣ, ಅಲ್ಲಿಂದಲೂ ಮುಂದೆ ಬದಲಾಪುರದಲ್ಲಿ ಇದ್ದಾರೆ. 2011ರ ಜನಗಣತಿಯಂತೆ ಕಲ್ಯಾಣ-ಡೊಂಬಿವಲಿ ನಗರವೊಂದರಲ್ಲೇ 12 ಲಕ್ಷಕ್ಕೆ ಮೀರಿದ ಜನ. ಇವರೆಲ್ಲರೂ ಠಾಣೆಯ ಅದೇ ಸೇತುವೆಯ ಮೇಲೆಯೇ ಹಾಯಬೇಕು.

ಈ ಗಂಟನ್ನು ಬಿಡಿಸಲು ಇರುವ ಉಪಾಯ ದೊಡ್ಡದೇನೂ ಅಲ್ಲ. ಕಳವಾದಿಂದ ಐರೋಲಿಯ ಕಡೆಗೆ ಸುಮಾರು 8 ಕಿಲೋಮೀಟರಿನ ಎತ್ತರಿಸಿದ ಹಳಿ. ಅಷ್ಟಾದರೆ ಕಲ್ಯಾಣದಲ್ಲಿ ಹತ್ತಿದವರು ಠಾಣೆಯನ್ನು ಮುಟ್ಟದೆಯೇ ವಾಶಿಯಲ್ಲಿ ಇಳಿಯಬಹುದು. 2016ರ ಕೊನೆಯಲ್ಲಿ ಕೇಂದ್ರ ಸರಕಾರ ಇದಕ್ಕೆ ಒಪ್ಪಿಗೆಯನ್ನಿತ್ತಿತು. ಅದರ ಮೊದಲ ಭಾಗವಾದ ದಿಘಾ ಗಾಂವ್ ನಿಲ್ದಾಣ 2024ರ ಜನವರಿ 12ರಂದು ತೆರೆದೂ ತೆರೆಯಿತು. ಅದೇ ದಿನ 21.8 ಕಿಲೋಮೀಟರಿನ ಅಟಲ್ ಸೇತುವೂ ತೆರೆಯಿತು. ಪತ್ರಿಕೆಗಳೆಲ್ಲ ಸೇತುವೆಯ ಚಿತ್ರವನ್ನೇ ಅಚ್ಚುಹಾಕಿದವು. ಸೇತುವೆ ಭವ್ಯವಾದುದೇ, ಸಂದೇಹವಿಲ್ಲ. ಆದರೆ ಅದರ ಮೇಲೆ ಸ್ಕೂಟರಿಗೂ ರಿಕ್ಷಾಕ್ಕೂ ಪ್ರವೇಶವಿಲ್ಲ. ತೆರೆದಾಗ ಕಾರಿನ ಒಂದು ಸಲದ ಸುಂಕವೇ 250 ರೂಪಾಯಿ. ಆ ಹಣಕ್ಕೆ ತುಸು ಕೂಡಿಸಿದರೆ ಡೊಂಬಿವಲಿಯಿಂದ ಮುಂಬಯಿಗೆ ಎರಡನೆಯ ದರ್ಜೆಯ ತಿಂಗಳ ಪಾಸೇ ಬರುತ್ತದೆ. ಮೊದಲು 8 ಕಿಲೋಮೀಟರು, ಆಮೇಲೆ 21 ಎಂದು ನಮಗೆ ತೋರುತ್ತದೆ. ಹೊಗೆ ಕಡಮೆಯಾಗಬೇಕು, ಪೆಟ್ರೋಲು ಉಳಿಯಬೇಕು ಎಂದು ಹೇಳುವವರೂ ಇದೇ ಲೆಕ್ಕವನ್ನು ಹಾಕಬೇಕಾಗುತ್ತದೆ. ರೈಲಿನಷ್ಟು ಅಗ್ಗವಾಗಿ, ರೈಲಿನಷ್ಟು ಜನರನ್ನು ಸಾಗಿಸಬಲ್ಲ ವಾಹನ ಇನ್ನೊಂದಿಲ್ಲ.

ಸಾಗಿಸುವುದೇನೋ ಸರಿ, ಹೇಗೆ ಎಂಬುದನ್ನೂ ನೋಡಬೇಕಲ್ಲವೆ? ನೂಕುನುಗ್ಗಲಿನ ಹೊತ್ತಿನಲ್ಲಿ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುತ್ತಾರೆಂದು ರೈಲ್ವೆಯ ಲೆಕ್ಕವೇ ಹೇಳುತ್ತದೆ. ಒಂದು ಚಾಪೆಯ ಅರ್ಧದಷ್ಟು ಜಾಗವದು. ಸಂಜೆಯ ಹೆಂಗಸರ ಡಬ್ಬಿಯಲ್ಲಿ ಕೂರಲು ಎಡೆ ಸಿಕ್ಕ ಪುಣ್ಯವಂತೆಯರು ರಾತ್ರಿಯ ಪಲ್ಯದ ಬೀನ್ಸನ್ನು ಅಲ್ಲೇ ಸೋಸಿ ಮುಗಿಸುತ್ತಾರೆ. ಉಳಿದವರಿಗೆ ಕೈ ಎತ್ತಲೂ ಬಾರದು. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರು ಹಾಯುತ್ತಿದ್ದ ಎರಡು ಗಾಡಿಗಳ ಬಾಗಿಲಲ್ಲಿ ಜೋತುಬಿದ್ದವರು ಹಳಿಯ ಮೇಲೆ ಬಿದ್ದರು. ಕೆಲಸಕ್ಕೆಂದು ಹೊರಟವರಲ್ಲಿ ನಾಲ್ವರು ಅಂದೇ ಸತ್ತರು. ಅದಾದ ಮೇಲೆ, ಹೊಸ ಗಾಡಿಗಳಿಗೆ ತಾವಾಗಿ ಮುಚ್ಚುವ ಬಾಗಿಲುಗಳನ್ನಿಡುವುದಾಗಿ ರೈಲ್ವೆ ಸಾರಿತು. ಒಳ್ಳೆಯದೇ. ಬಾಗಿಲು ಮುಚ್ಚಿದಾಗ ಹೊರಗುಳಿಯುವವರಿಗೆ ಹಿಂದಿನಿಂದಲೇ ಇನ್ನೊಂದು ಗಾಡಿ ಬರಬೇಕು. ಅದಕ್ಕೆ ಹಳಿ ಬೇಕು. ಠಾಣೆ-ದಿವಾ ನಡುವಣ ಐದು ಮತ್ತು ಆರನೆಯ ಹಳಿಗಳು ಮಂಜೂರಾದುದು 2008ರಲ್ಲಿ, ಗಾಡಿ ಓಡಿದ್ದು 2022ರ ಫೆಬ್ರುವರಿಯಲ್ಲಿ. ಈ ಹದಿನಾಲ್ಕು ವರ್ಷಗಳಲ್ಲಿ ದಿವಾದ ಸುತ್ತ ಎದ್ದ ಕಟ್ಟಡಗಳನ್ನು ಎಣಿಸಿದವರಾರು?

ಮೆಟ್ರೋ ಬರುತ್ತದೆ ಎನ್ನುತ್ತಾರೆ. ಬೇಲಾಪುರದಿಂದ ಪೇಂಧರಿಗೆ 2023ರ ನವೆಂಬರಿನಲ್ಲಿ ಬಂದಿದೆ, 11 ನಿಲ್ದಾಣ. ಠಾಣೆ-ಭಿವಂಡಿ-ಕಲ್ಯಾಣ ಮಾರ್ಗಕ್ಕೆ 2018ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಕಲ್ಯಾಣದಿಂದ ಡೊಂಬಿವಲಿಯ ಮೇಲಾಗಿ ತಳೋಜಾಕ್ಕೆ ಇನ್ನೊಂದು ಮಾರ್ಗದ ಕೆಲಸ ಹಿಡಿದಿದ್ದಾರೆ. ಇದು ಕೈಗೂಡಿದರೆ ಮುಂಬಯಿಯನ್ನು ಮುಟ್ಟದೆ ಊರಿಂದೂರಿಗೆ ಹೋಗುವ ಅಡ್ಡದಾರಿಯಾಗುತ್ತದೆ; ಈ ಸೀಮೆಗೆ ಬೇಕಾದುದು ಅದೇ. ಬಸ್ಸುಗಳ ಮಾತು ಬೇರೆ. ಠಾಣೆಯ ನಗರಪಾಲಿಕೆಗೆ ಒಂದು ಬಸ್ಸು ಸಂಸ್ಥೆ, ಕಲ್ಯಾಣ-ಡೊಂಬಿವಲಿಗೆ ಒಂದು, ನವಿ ಮುಂಬಯಿಗೆ ಇನ್ನೊಂದು. ಅಡುಗೆ ಒಂದೇ, ಒಲೆ ಮೂರು.

ಕಳವಾ-ಐರೋಲಿ ಹಳಿ ಏಕೆ ನಿಂತಿತೆಂದು ಕೇಳುವವರಿಗೆ ಉತ್ತರ ಕಳವಾದ ಬಳಿಯೇ ಸಿಗುತ್ತದೆ. ಹಳಿ ಹಾಯಬೇಕಾದ ಜಾಗದಲ್ಲಿ ನೂರಾರು ಗುಡಿಸಲುಗಳಿವೆ. ಅಲ್ಲಿರುವವರೂ ದುಡಿಯುವ ಜನವೇ, ನಮ್ಮಂತೆಯೇ ಕೆಲಸವನ್ನರಸಿ ಬಂದವರೇ. ಎಬ್ಬಿಸುವುದಾದರೆ ಅವರಿಗೆ ಎಲ್ಲಿ ಮನೆ, ಯಾರ ಖರ್ಚಿನಲ್ಲಿ ಎಂಬ ವಿಷಯ ತೀರ್ಮಾನವಾಗದೆ ಕಂಬಗಳು ಏಳಲಾರವು. ಸಿಡ್ಕೋ ಅಂದು ಮಾಡಿದಂತೆ, ಹಳಿಯಿಂದ ಏರುವ ನೆಲದ ಬೆಲೆಯಲ್ಲೇ ಒಂದು ಪಾಲನ್ನು ತೆಗೆದು ಆ ಮನೆಗಳನ್ನು ಮೊದಲು ಕಟ್ಟಿಕೊಡಬಾರದೇಕೆ? ಅಲ್ಲಿಯವರೆಗೆ ದಿಘಾ ನಿಲ್ದಾಣದಲ್ಲಿ ಠಾಣೆಯಿಂದ ಬರುವ ಗಾಡಿಗಳಷ್ಟೇ ನಿಲ್ಲುತ್ತಿರುತ್ತವೆ.